ತಾರಾನಾಥ ಸಾಕಿದ ಅರ್ಬಾಬ್

ತಾರಾನಾಥ ತೀರಿಕೊಂಡ ಹತ್ತನೆಯ ದಿನ ದೋಹಾದಲ್ಲಿ ನಮ್ಮ ಊರಿನವರ ಸಂಘ ಸಂತಾಪಸಭೆ ಇಟ್ಟಿತ್ತು. ಮಾತನಾಡಿದವರೆಲ್ಲ ಅವನು ಸಕಲ ಜೀವಿಗಳನ್ನೂ ಪ್ರೀತಿಸುತ್ತಿದ್ದ ಎಂದರು. ಹನ್ನೊಂದು ವರ್ಷ ಅವನ ಜತೆ ಒಂದೇ ಕೋಣೆಯಲ್ಲಿದ್ದ ನನಗೆ ಇದು ಹೊಸ ಸುದ್ದಿ. ಅವನು ಬೆಕ್ಕು ಕಂಡರೆ ಪೊರಕೆ ಎತ್ತುತ್ತಿದ್ದ, ಸಂಘದ ಅಧ್ಯಕ್ಷರನ್ನು ಕಂಡರೆ ರಸ್ತೆ ದಾಟುತ್ತಿದ್ದ. ಪ್ರೀತಿಸಿದ್ದು ಒಂದೇ ಒಂದು ಆಮೆಯನ್ನು. ಆ ಒಂದನ್ನು ಸರಿಯಾಗಿ ನೋಡಿಕೊಂಡ. ಸಕಲ ಜೀವಿಗಳನ್ನು ಪ್ರೀತಿಸುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಅವನು ಏಸಿ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಮುಐದರ್‌ನ ಒಂದು ವಿಲ್ಲಾದ ಹಿಂಭಾಗದಲ್ಲಿ ನಾವು ಆರು ಜನ, ಎರಡು ಕೋಣೆ, ಒಂದು ಸಣ್ಣ ಅಂಗಳ. ಗಲ್ಫಿನಲ್ಲಿ ಒಂದು ಪದ್ಧತಿ ಉಂಟು: ರಜೆಗೆ ಊರಿಗೆ ಹೋಗುವವರು ತಮ್ಮ ತುಳಸಿ ಗಿಡವನ್ನೋ ಗಿಳಿಯನ್ನೋ ಯಾರಿಗಾದರೂ ಒಪ್ಪಿಸಿ ಹೋಗುತ್ತಾರೆ. ಮರಳಿ ಬಂದು ಹಲ್ವ ಕೊಡುತ್ತಾರೆ. ಗಿಳಿಯನ್ನು ಮಾತ್ರ ವಾಪಸು ಕೇಳುವುದಿಲ್ಲ. ೨೦೦೪ರ ಜೂನ್‌ನಲ್ಲಿ ತಾರಾನಾಥನ ಆಫೀಸಿನ ಫ್ಲಾಯ್ಡ್ ಒಂದು ಬೂಟಿನ ಡಬ್ಬ ಹಿಡಿದುಕೊಂಡು ಬಂದ.

"ನಲವತ್ತೇ ದಿನ ತಾರಾನಾಥ್. ಮಗಳು ಅನಿಶಾ ಬರ್ತ್‌ಡೇಗೆ ತಕೊಂಡದ್ದು. ಏನೂ ರಗಳೆ ಇಲ್ಲ. ಹಾಲಲ್ಲಿ ಬ್ರೆಡ್ ಹಾಕಿ ಕೊಟ್ರೆ ಆಯ್ತು."

ಡಬ್ಬದೊಳಗೆ ಅಂಗೈಯಗಲದ ಆಮೆ. ಚಿಪ್ಪಿನ ಮೇಲೆ ಅನಿಶಾ ಉಗುರಿನ ಬಣ್ಣದಲ್ಲಿ ಎರಡು ಹೂ ಬಿಡಿಸಿದ್ದಳು. ಬೆರಳಿಂದ ಒತ್ತಿದರೆ ಚಿಪ್ಪು ತಗ್ಗುತ್ತಿತ್ತು. ಹಾಲು ಬ್ರೆಡ್ಡಿನ ಕೃಪೆ.

ತಾರಾನಾಥ ಅದನ್ನು ಪ್ರಾಣಿವೈದ್ಯರ ಹತ್ತಿರ ಒಯ್ದ. ಅಲ್ಲಿ ಸಾಲಾಗಿ ಕುಳಿತವರ ಕೈಯಲ್ಲಿ ಕಣ್ಣು ಮುಚ್ಚುವ ಟೋಪಿ ತೊಟ್ಟ ಬೇಟೆಯ ಗಿಡುಗಗಳು, ಇವನ ಮಡಿಲಲ್ಲಿ ಬೂಟಿನ ಡಬ್ಬ. ವೈದ್ಯರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದ. ಉಳಿದದ್ದನ್ನು ಆಫೀಸಿನ ಕಂಪ್ಯೂಟರಿನಲ್ಲಿ ಓದಿದ. ಮೀನಿನ ಅಂಗಡಿಯಿಂದ ಬೊಂಡಾಸ ಎಂಬ ಕಡಲಜೀವಿಯೊಳಗಿನ ಸುಣ್ಣದಂಥ ಬಿಳಿ ಎಲುಬು ತಂದು, ತೊಳೆದು ಒಣಗಿಸಿ, ಕೆರೆದು ಸೊಪ್ಪಿನ ಮೇಲೆ ಉದುರಿಸಿದ. ಒಂದು ವರ್ಷದಲ್ಲಿ ಚಿಪ್ಪು ಗಟ್ಟಿಯಾಯಿತು. ನಲವತ್ತು ದಿನ ಕಳೆದದ್ದು ಫ್ಲಾಯ್ಡ್‌ಗೆ ಗೊತ್ತಾಗಲೇ ಇಲ್ಲ, ಪಾಪ.

ಮನೆಯಲ್ಲಿ ಅದಕ್ಕೆ ಅರ್ಬಾಬ್ ಎಂದು ಹೆಸರಾಯಿತು, ಅಂದರೆ ಧಣಿ. ಆರು ಜನ ದುಡಿಯುವ ಮನೆಯಲ್ಲಿ ಬೆಳಿಗ್ಗೆ ಬಿಸಿಲು ಕಾಯಿಸಿ, ಕಾಲಬುಡಕ್ಕೆ ಬಂದ ಸೊಪ್ಪು ತಿಂದು, ಮಧ್ಯಾಹ್ನ ನೆರಳಿಗೆ ಸರಿದು ಮಲಗುವವನು ಅವನೊಬ್ಬನೇ.

ನಮ್ಮ ಆರು ಜನರಲ್ಲಿ ಒಬ್ಬನಾದ ಯಜ್ಞೇಶ್ ಧರ್ಮಬುದ್ಧಿಯವನು. ಒಂದು ಶುಕ್ರವಾರ ತಾರಾನಾಥ ಸೊಪ್ಪು ತರಲು ಹೋದಾಗ, ಬಿಸಿಲಲ್ಲಿ ಒಣಗುತ್ತಿದ್ದ ಅರ್ಬಾಬನನ್ನು ಕಂಡು ಅವನಿಗೆ ಕರುಳು ಚುರ್ರೆಂದಿತು. ಬಟ್ಟೆ ನೆನೆಸುವ ದೊಡ್ಡ ಡ್ರಮ್ಮಿಗೆ ನೀರು ತುಂಬಿಸಿ ಒಳಗೆ ಬಿಟ್ಟ. ತಾರಾನಾಥ ಬರುವಾಗ ಅರ್ಬಾಬ್ ತಳದಲ್ಲಿದ್ದ.

"ಎಂತ ಮಾಡಿದ್ದು ಮಾರಾಯ ನೀನು!"

"ನಮ್ಮ ಮನೆ ಬಾವಿಯಲ್ಲಿ ಒಂದು ಉಂಟಲ್ಲ ತಾರಣ್ಣ, ಅಜ್ಜನ ಕಾಲದ್ದು. ನೀರು ಚೊಕ್ಕ ಇರ್ತದೆ ಅಂತ ಬಿಟ್ಟದ್ದು. ಒಂದು ದಿನ ಮೇಲೆ ಬಂದದ್ದಿಲ್ಲ."

"ಇದು ನೆಲದ್ದು! ಕಾಲು ನೋಡು, ಆನೆ ಕಾಲಿನ ಹಾಗೆ. ಇದಕ್ಕೆ ಈಜ್ಲಿಕ್ಕೆ ಬರುದಿಲ್ಲ. ನಿನ್ನನ್ನು ಹಾಕ್ಬೇಕು ಬಾವಿಗೆ!"

ತಲೆ ಕೆಳಗೆ ಮಾಡಿ ಹಿಡಿದು, ಕುತ್ತಿಗೆ ಎಳೆದು, ಮುಂಗಾಲುಗಳನ್ನು ಒಳಗೆ ಹೊರಗೆ ಒತ್ತಿದ. ಮೂಗಿನಿಂದ ನೀರು ಬಂತು. ಬಹಳ ಹೊತ್ತಿನ ಮೇಲೆ ಒಂದು ಕಾಲು ಅಲುಗಿತು. ವೈದ್ಯರು ಹತ್ತು ದಿನ ಸೂಜಿ ಚುಚ್ಚಿದರು. ತಾರಾನಾಥ ಯಜ್ಞೇಶನ ಜತೆ ಒಂದು ತಿಂಗಳು ಮಾತು ಬಿಟ್ಟ. ಮಾತಿನ ಬದಲು ಅಡುಗೆಮನೆಯ ಗೋಡೆಗೆ ಒಂದು ಕಾಗದ ಅಂಟಿಸಿದ: ನೀರು ತಟ್ಟೆಯಲ್ಲಿ, ಗಲ್ಲದ ಮಟ್ಟಕ್ಕೆ, ವಾರಕ್ಕೆರಡು ಸಲ. ಅನ್ನ, ಹಾಲು, ಇಡ್ಲಿ ಮಾಫಿ, ಕೊಡಲೇಬಾರದು. ಏಸಿ ಕೋಣೆಗೆ ತರಬಾರದು. ಮುಟ್ಟಿದವರು ಸೋಪಿನಲ್ಲಿ ಕೈ ತೊಳೆಯಬೇಕು. ಕೂರ್ಮಾವತಾರ ಎಂದು ಕುಂಕುಮ ಹಚ್ಚಬಾರದು. ಕೊನೆಯಲ್ಲಿ, "ನನ್ನ ನಂತರ ನೋಡಿಕೊಳ್ಳುವವರು" ಎಂದು ಬರೆದು ಒಂದು ಗೆರೆ ಎಳೆದಿದ್ದ. ಗೆರೆಯ ಮೇಲೆ ಹೆಸರಿರಲಿಲ್ಲ.

ಆ ಹೆಸರಿಗಾಗಿ ಅವನು ಮೂರು ವರ್ಷ ಅಲೆದ. ನಮಗೆಲ್ಲ ಅದೊಂದು ತಮಾಷೆ. "ತಾರಣ್ಣ, ವೀಸಾ ಎರಡು ವರ್ಷದ್ದು, ಪ್ರಾಣಿ ಎಂಬತ್ತು ವರ್ಷದ್ದು!" ಅವನು ನಗುತ್ತಿರಲಿಲ್ಲ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೆ ನನ್ನನ್ನೂ ಕೇಳಿದ.

"ನೀನು ಬರೀತೀಯಾ?"

"ನೋಡೋಣ," ಎಂದೆ.

ಇಲ್ಲ ಎನ್ನಲು ನಮ್ಮಲ್ಲಿ ಇದಕ್ಕಿಂತ ಸಭ್ಯವಾದ ಮಾತಿಲ್ಲ. ಅವನಿಗೆ ಅದು ಗೊತ್ತಿತ್ತು. ಪೆನ್ನನ್ನು ಜೇಬಿಗೆ ಹಾಕಿಕೊಂಡು ಸೊಪ್ಪು ಹೆಚ್ಚಲು ಕುಳಿತ. ೨೦೦೮ರ ಫೆಬ್ರವರಿಯಲ್ಲಿ ಸ್ಟೋರಿನ ಕುರ್ಚಿಯಲ್ಲೇ ಹೋದ. ಗೆರೆ ಖಾಲಿಯೇ ಇತ್ತು.

ಸಭೆಯ ಕೊನೆಗೆ ಅಧ್ಯಕ್ಷರು ಘೋಷಿಸಿದರು: ಅಗಲಿದ ಗೆಳೆಯನ ನೆನಪಿಗೆ ಬರುವ ಶುಕ್ರವಾರ ಆಮೆಯನ್ನು ಮರುಭೂಮಿಯಲ್ಲಿ ಬಂಧಮುಕ್ತಗೊಳಿಸಲಾಗುವುದು, ಸದಸ್ಯರಿಗೆ ಬಸ್ಸು ಮತ್ತು ಬಿರಿಯಾನಿಯ ವ್ಯವಸ್ಥೆ ಇದೆ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಿಂದ ಯಜ್ಞೇಶ್ ಎದ್ದ.

"ಅದು ಇಲ್ಲಿಯ ಮರಳಿನದ್ದಲ್ಲ ಸರ್. ನೀರಿಲ್ಲ, ಸೊಪ್ಪಿಲ್ಲ. ಸಾಯ್ತದೆ."

"ಪ್ರಕೃತಿಗೆ ಬಿಡುವುದು ಪುಣ್ಯದ ಕೆಲಸ ಯಜ್ಞೇಶ್."

"ನಾನೂ ಒಮ್ಮೆ ಪುಣ್ಯ ಮಾಡಿದ್ದೆ ಸರ್. ಡ್ರಮ್ಮಿನಲ್ಲಿ. ಖಲಾಸ್, ಇನ್ನು ಮಾತಿಲ್ಲ. ಅದು ನನ್ನ ಹತ್ತಿರ ಇರ್ತದೆ."

ಬಿರಿಯಾನಿ ರದ್ದಾಯಿತು; ಸಭೆಯಲ್ಲಿ ನಿಜವಾದ ಶೋಕ ಕಂಡದ್ದು ಆಗಲೇ.

ಮನೆಗೆ ಬಂದು ಯಜ್ಞೇಶ್ ಗೆರೆಯ ಮೇಲೆ ತನ್ನ ಹೆಸರು ಬರೆದ. ಅರ್ಬಾಬ್ ಅಂಗಳದ ಮೂಲೆಯಲ್ಲಿ ಸೊಪ್ಪು ಹರಿಯುತ್ತಿದ್ದ. ಹತ್ತು ದಿನಗಳಿಂದ ಸೊಪ್ಪು ಹೆಚ್ಚುತ್ತಿದ್ದವನು ಯಜ್ಞೇಶ್ ಎಂಬುದನ್ನು ಧಣಿ ಗಮನಿಸಿದ್ದನೋ ಇಲ್ಲವೋ. ನಾನಂತೂ ಪ್ರತಿ ದಿನ ಗಮನಿಸಿದ್ದೆ.

"ನನಗೆ ಈಗ ಮೂವತ್ತನಾಲ್ಕು," ಎಂದ ಯಜ್ಞೇಶ್, ಪೆನ್ನನ್ನು ನನ್ನ ಕಡೆ ಚಾಚಿ. "ಇದು ಎಂಬತ್ತು ವರ್ಷದ್ದು. ಲೆಕ್ಕ ಸರಿ ಬರುದಿಲ್ಲ ಅಣ್ಣ."

ನನಗೆ ಐವತ್ತೆರಡು. ನನ್ನನ್ನು ಸೇರಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ. ನೋಡೋಣ ಎನ್ನಲು ಬಾಯಿ ತೆರೆದವನು ಪೆನ್ನು ತೆಗೆದುಕೊಂಡೆ. ಅವನ ಹೆಸರಿನ ಕೆಳಗೆ ನನ್ನದನ್ನು ಬರೆದೆ, ಅದರ ಕೆಳಗೆ ಇನ್ನೊಂದು ಗೆರೆ ಎಳೆದೆ. ಸೋಪಿನಲ್ಲಿ ಕೈ ತೊಳೆದು ಬೊಂಡಾಸದ ಎಲುಬು ಕೆರೆಯಲು ಕುಳಿತೆ.