ಬೀಜದ ಚೀಲದಾಗ ಕೂಸಿನ ಅರಿವಿ

ನಮ್ಮ ದಾಳಿಂಬ ಊರಾಗ ನನ್ನ ನೆಗೆಣ್ಣಿ, ಮೈದುನನ ಹೇಣ್ತಿ ರಂಭಾಬಾಯಿಯಷ್ಟು ದೃಷ್ಟಿಗಿ ಅಂಜಾಕಿ ಮತ್ತೊಬ್ಬಾಕಿ ಇಲ್ಲ. ಎಮ್ಮಿ ಆರು ಲೀಟರ್ ಹಾಲು ಕೊಟ್ರ ಮೂರೇ ಅಂತ ಹೇಳ್ತಾಳ. ಸೊಸಿ ಮಯೂರಿಗಿ ಒಂಬತ್ತು ತುಂಬಿದಾಗ ದವಾಖಾನಿ ನರ್ಸಬಾಯಿ, ಬ್ಯಾಗ್ ತಯಾರ್ ಇಡ್ರಿ ಅಂದಳು. ಹುಟ್ಟೋ ಮೊದಲೇ ಕೂಸಿನ ಅರಿವಿ ಹೊಂದಿಸೂದು ಮಂದಿಗಿ ಕಾಣಬಾರದಲ್ಲ? ರಂಭಾ ಹಳೇ ಸೀರಿ ಹರಿದ ಮೆತ್ತನ್ನ ಅರಿವಿ, ಕೂಸಿನ ತಲಿಗಿ ಕಟ್ಟೋ ಕುಂಚಗಿ, ವಿಭೂತಿ ಎಲ್ಲಾ ತೊಗರಿ ಬೀಜದ ಖಾಲಿ ಚೀಲದಾಗ ತುಂಬಿ, ಬಾಯಿ ಹೊಲಿದು, ಎರಡು ಬೀಜದ ಚೀಲಗಳ ನಡುವ ಇಟ್ಟಳು. ಮಗ ಪಂಕಜಗೂ ಹೇಳಲಿಲ್ಲ.

ಮುಂಗಾರಿನ ಮಿರಗದ ಮಳಿ ಬಂದ ಮರುದಿನ ಪಂಕಜ ಎರಡು ಚೀಲ ಟ್ರ್ಯಾಕ್ಟರಿನ್ಯಾಗ ಒಗೆದು ಬಿತ್ತಲಿಕ್ಕ ಹೋದ. ಹಿಂದೇ ಮಯೂರಿಗಿ ಬ್ಯಾನಿ ಸುರು ಆಯ್ತು. ರಂಭಾ ಗಡಿಬಿಡಿಲೆ ಉಳಿದ ಒಂದು ಚೀಲ ಎತ್ತಿಕೊಂಡು ಆಟೋ ಹತ್ತಿದಳು. ನಾನೂ ಮಯೂರಿನ್ನ ಹಿಡಕೊಂಡು ಹತ್ತಿದೆ.

"ದವಾಖಾನ್ಯಾಗ ಏನ್ ಬಿತ್ತತಿ?" ಅಂತ ನಾ ಕೇಳಿದೆ.

"ಸುಮ್ಮ ಕೂಡಕ್ಕಾ. ಆಟೋದಾಗ ಮಂದಿ ಅದಾರ."

ಉಮರಗಾ ದವಾಖಾನ್ಯಾಗ ಹೆಣ್ಣುಕೂಸು ಹುಟ್ಟಿತು. ನರ್ಸಬಾಯಿ ಸುತ್ತಲಿಕ್ಕ ಅರಿವಿ ಬೇಡಿದಳು. ರಂಭಾ ಹೊಲಿಗಿ ಬಿಚ್ಚಿದ್ರ ನೆಲದ ತುಂಬ ತೊಗರಿ.

"ಆಜಿ, ಇಲ್ಲೇ ಬ್ಯಾಳಿ ಕುದಸ್ತೀರೇನು?" ಅಂದಳು ನರ್ಸಬಾಯಿ.

ಕೂಸು ಬರಿಮೈಲೆ ನಡಗಲತಿತ್ತು. ನಾ ಉಟ್ಟ ಸೀರಿ ಸೆರಗು ಹರಿದು ಸುತ್ತಿದೆ. ಅಷ್ಟರಾಗ, ಹೊಲದಾಗ ಬಿತ್ತಲಿಕ್ಕ ಚೀಲ ಬಿಚ್ಚಿ ಅರಿವಿ ಕಂಡಿದ್ದ ಪಂಕಜ, ಕುಂಚಗಿ ಹಿಡಕೊಂಡು ಟ್ರ್ಯಾಕ್ಟರ್ ಮ್ಯಾಲೇ ಬಂದ.

"ಹೊಲದಾಗ ಯಾರ್ಯಾರು ನೋಡಿದ್ರು?" ಅಂತ ರಂಭಾ ಕೇಳಿದಳು.

"ಎಲ್ಲಾರೂ. ಕುಂಚಗಿ ಭಾಳ ಚಂದ ಅದ ಅಂದ್ರು."

"ಕೂಸೂ ಚಂದ ಅದರಿ," ಅಂದಳು ನರ್ಸಬಾಯಿ.

"ಎಲ್ಲಿ ಚಂದರಿ ಬಾಯಿ, ಸಾದಾ ಕೂಸದು," ಅಂತ ರಂಭಾ ಮೊಮ್ಮಗಳ ಮಾರಿ ಮುಚ್ಚಿದಳು.