ಸುಳ್ಳಬುರುಕಿ ಉದ್ದವ್ವನ ಇಪ್ಪತ್ತು ಕುರಿ

ಕುಲಗೋಡದ ಉದ್ದವ್ವನಿಗೆ ಸುಳ್ಳಬುರುಕಿ ಎಂಬ ಹೆಸರು ಬಿದ್ದದ್ದು ಅವಳು ಗಂಡನ ಕೋಲು ಹಿಡಿದು ಕುರಿಯ ಹಿಂದೆ ಹೊರಟ ವರ್ಷವೇ. ಗಂಡ ತೀರಿಕೊಂಡಾಗ ಕುರಿ ಮಾರಿಬಿಡು ಎಂದು ಬುದ್ಧಿ ಹೇಳಿದವರು ಊರ ತುಂಬ ಇದ್ದರು. ಇವಳು ಮಾರುವ ಪೈಕಿಯೇ? ಕಂಬಳಿ ಹೊದ್ದಳು, ಹೊರಟೇಬಿಟ್ಟಳು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುವಳು, ಹೊಲದವರು ಅಳೆದು ಕೊಟ್ಟ ಜೋಳದಲ್ಲಿ ಬದುಕುವಳು.

"ಎಷ್ಟ ಕುರಿ ಅದಾವಬೇ?" ಎಂದು ಯಾರೇ ಕೇಳಲಿ, "ಒಂದ ಇಪ್ಪತ್ತ ಅದಾವ್ರಿ" ಎನ್ನುವಳು. ಎದುರಿಗೆ ನೋಡಿದರೆ ಹೊಲವೆಲ್ಲ ಕರ್ರಗಾಗುವಷ್ಟು ಕುರಿ! ಸಾಕಿದವರು ತಮ್ಮ ಕುರಿಯ ಲೆಕ್ಕ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ದೃಷ್ಟಿ ತಾಗಿ ಹಿಂಡು ಸವೆಯುತ್ತದೆ ಎಂದು ಅತ್ತೆ ಕಲಿಸಿದ್ದಳು. ಹೀಗಾಗಿ ಆ ಹೆಸರು. ನೆರೆಮನೆಯ ಗೌರಕ್ಕ "ಬಾ ಸುಳ್ಳಬುರುಕಿ, ಚಾ ಕುಡದ ಹೋಗ" ಎಂದರೆ ಉದ್ದವ್ವನಿಗೆ ತವರುಮನೆಯವರು ಕರೆದಷ್ಟು ಹಿತ. ಅದೇ ಮಾತು ಕುರಿ ವ್ಯಾಪಾರಿ ರಾಜಪ್ಪನ ಬಾಯಲ್ಲಿ ಬಂದ ದಿನ ಮಾತ್ರ ಮೈಯೆಲ್ಲ ಉರಿದುಹೋಯಿತು.

ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿರಬೇಕು. ಮೇಲವಂಕಿಯ ಚಾವಡಿಯ ಪಕ್ಕಕ್ಕಿದ್ದ ಮಾಲಿಂಗಪ್ಪನ ಹೊಲದಲ್ಲಿ ಅವಳ ಕುರಿಹಟ್ಟಿ ಬೀಡುಬಿಟ್ಟಿತ್ತು. ಎಳೆ ಮರಿಗಳನ್ನು ಹಟ್ಟಿಯ ದೊಡ್ಡಿಯಲ್ಲಿ ಕೂಡಿ, ದೊಡ್ಡ ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋಗಿದ್ದಳು. ಮಧ್ಯಾಹ್ನ ಗಾಳಿಮಳೆ ಎದ್ದಿತು. ಗೋಕಾಕದ ಸಂತೆಗೆ ಹೊರಟಿದ್ದ ರಾಜಪ್ಪನ ಕುರಿಗಳೂ ಇವಳ ಕುರಿಗಳೂ ಒಂದರೊಳಗೊಂದು ಬೆರೆತುಹೋದವು. ಮಳೆ ನಿಂತ ಮೇಲೆ ರಾಜಪ್ಪ ಇಪ್ಪತ್ತು ಬಡಕಲು ಕುರಿ ಆರಿಸಿ ಇವಳ ಕಡೆ ತಳ್ಳಿದ.

"ತಗೋ ನಿನ್ನ ಕುರಿ. ಉಳಿದದ್ದೆಲ್ಲಾ ನಂದು. ಊರಿಗೆಲ್ಲಾ ಇಪ್ಪತ್ತ ಅಂತ ಹೇಳ್ಕೋತ ಅಡ್ಡಾಡಾಕಿ ನೀನ, ಸುಳ್ಳಬುರುಕಿ!"

ಬೆರೆತ ಕುರಿಗಳನ್ನೆಲ್ಲ ಚಾವಡಿಯ ಮುಂದಿನ ಬಯಲಿಗೆ ಹೊಡೆತಂದರು, ಚಾವಡಿಯಲ್ಲಿ ಪಂಚರು ಕೂತರು. ಮಾಲಿಂಗಪ್ಪನೇ ಹಿರಿಯ. ರಾಜಪ್ಪ ತನ್ನ ಕುರಿಯ ಲೆಕ್ಕವನ್ನು ಪಟಪಟನೆ ಒಪ್ಪಿಸಿದ.

"ಉದ್ದವ್ವಾ, ನನಗೂ ನೀ ಇಪ್ಪತ್ತ ಅಂತನ ಹೇಳಿದ್ದಿ. ಈಗರ ಖರೆ ಹೇಳ. ಎಷ್ಟ ಅದಾವ?" ಎಂದ ಮಾಲಿಂಗಪ್ಪ.

ಲೆಕ್ಕ ನಾಲಗೆಯ ತುದಿಗೆ ಬಂದಿತ್ತು. ಹೇಳದಿದ್ದರೆ ಗಂಡನ ಕಾಲದ ಹಿಂಡು ಇವತ್ತೇ ಸಂತೆಗೆ ಹೋಗುತ್ತದೆ. ಹೇಳಿದರೆ ಹಿಂಡು ಇದ್ದೂ ಸವೆಯುತ್ತದೆ. ಅಯ್ಯೋ ಶಿವನೇ! ಉದ್ದವ್ವ ಸೆರಗು ಬಿಗಿದು ಎದ್ದು ನಿಂತಳು.

"ಲೆಕ್ಕಾ ಮಾರಾವ್ರ ಮಾಡ್ತಾರ್ರಿ ಯಪ್ಪಾ, ಸಾಕಿದವ್ರಲ್ಲ. ನನ್ನ ಮಾತ ನಂಬಬ್ಯಾಡ್ರಿ. ಹಟ್ಟ್ಯಾಗಿನ ಮರಿ ಬಿಡಸ್ರಿ."

ರಾಜಪ್ಪನ ಮುಖ ಅಲ್ಲೇ ಸಪ್ಪಗಾಯಿತು. ಬೆಳಗಿನಿಂದ ಹಾಲು ಕಾಣದ ಮರಿಗಳು ದೊಡ್ಡಿಯಿಂದ ಬಿಟ್ಟದ್ದೇ ತಡ ಅರಚುತ್ತ ಓಡಿ ಬಂದವು, ರಾಜಪ್ಪನ ಕಾಲಸಂದಿಯಲ್ಲಿ ನುಗ್ಗಿ ತಮ್ಮ ತಮ್ಮ ತಾಯಿಯನ್ನು ಹುಡುಕಿ ಕೆಚ್ಚಲಿಗೆ ಬಾಯಿ ಹಚ್ಚಿದವು. ಆ ತಾಯಿಗಳೆಲ್ಲ ರಾಜಪ್ಪ ತನ್ನವೆಂದು ಹಿಡಿದುಕೊಂಡವೇ! ಮರಿಯಿಲ್ಲದ ಕುರಿಗಳಿಗೂ ಟಗರುಗಳಿಗೂ ಉದ್ದವ್ವ "ಹ್ರೋ ಬಾ, ಹ್ರೋ ಬಾ" ಎಂದು ಕೂಗು ಹಾಕಿದಳು. ಅವೂ ತಲೆಯೆತ್ತಿ ಅವಳ ಬೆನ್ನಿಗೆ ಬಂದು ನಿಂತವು. ಸಂತೆಗೆ ಹೊರಟಿದ್ದ ಕುರಿಗಳು ಮಾತ್ರ ನಿಂತಲ್ಲೇ ಹುಲ್ಲು ಕಡಿಯುತ್ತಿದ್ದವು. ರಾಜಪ್ಪ ಅಷ್ಟನ್ನೇ ಹೊಡೆದುಕೊಂಡು, ಹಿಂದಿರುಗಿ ನೋಡದೆ ಹೋದ.

ಚಾವಡಿಯ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಕುರಿ. ಮಾಲಿಂಗಪ್ಪ ಕಣ್ಣರಳಿಸಿ ನೋಡಿದ.

"ಅಲ್ಲಬೇ, ಎಲ್ಲಾ ಮುಗೀತಲ್ಲ. ಈಗರ ಹೇಳ, ಎಷ್ಟ ಅದಾವ?"

ಉದ್ದವ್ವ ಕಂಬಳಿ ಹೆಗಲಿಗೇರಿಸಿದಳು, ಗಂಡನ ಕೋಲು ಎತ್ತಿಕೊಂಡಳು. ಅವಳ ಎದೆ ಹೆಮ್ಮೆಯಿಂದ ತುಂಬಿತ್ತು.

"ಒಂದ ಇಪ್ಪತ್ತ ಅದಾವ್ರಿ."

"ಸುಳ್ಳಬುರುಕಿ!" ಎಂದು ಇಡೀ ಚಾವಡಿ ನಕ್ಕಿತು. ಮಾಲಿಂಗಪ್ಪ ಮಾತ್ರ ಎದ್ದು ನಿಂತು ಅವಳ ಹಿಂಡಿಗೆ ದಾರಿ ಬಿಟ್ಟ.