ನಾಗರಾಜುವಿನ ಸೀಟಿಗೆ ಒಂದು ಕ್ಯಾಮೆರಾ

ಶನಿವಾರ ಬೆಳಗ್ಗೆ ಏಳೂವರೆಗೆ ಮಧುಗಿರಿಯಲ್ಲಿ ಕೊರಟಗೆರೆ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದು ಟವೆಲ್, ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ, ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಜಾಡಿಯ ತುಂಬ ನೀರು ಇತ್ತು. ಜಾಡಿ ತುಳುಕಿ ಪಕ್ಕದ ಸೀಟಿನ ಹೆಂಗಸಿನ ಸೀರೆಗೆ ಸಿಡಿಯಿತು. "ಕುಡಿಯೋ ನೀರು ಬಾಟ್ಲಲ್ಲಿ ತರಬಾರ್ದಾ?" ಎಂದು ಕಂಡಕ್ಟರ್ ರೇಗಿದ. "ಕುಡಿಯೋಕಲ್ಲ, ಕ್ಯಾಮೆರಾ ಮುಳುಗಿಸೋಕೆ" ಎಂದೆ. ಅವನು ಟಿಕೆಟ್ ಕೈಗಿಟ್ಟು ಮುಂದೆ ಹೋದ. ಬೆಳಗ್ಗೆ ಬೆಳಗ್ಗೆಯೇ ತಲೆ ಕೆಟ್ಟವನೊಬ್ಬ ಗಂಟುಬಿದ್ದ ಅಂದುಕೊಂಡಿರಬೇಕು.

ನನ್ನ ಕಸುಬು ಲಾರಿಗಳಿಗೆ ಟಾರ್ಪಾಲು ಹೊಲಿಯುವುದು. ಮೂವತ್ತು ವರ್ಷದಿಂದ ಮಧುಗಿರಿಯಲ್ಲಿ ಅದನ್ನೇ ಮಾಡಿಕೊಂಡಿದ್ದೇನೆ. ಸೂಜಿ ಹೋದ ತೂತಿನಲ್ಲಿ ನೀರೂ ಹೋಗುತ್ತದೆ ಎಂದು ಬಲ್ಲವನು. ಹಾಗಾಗಿ ವಾಟರ್‌ಪ್ರೂಫ್ ಎಂದು ಯಾರಾದರೂ ಬಾಯಿ ಬಿಟ್ಟರೆ, ಮುಳುಗಿಸಿ ತೋರಿಸುವವರೆಗೆ ನಾನು ನಂಬುವುದಿಲ್ಲ.

ಕ್ಯಾಮೆರಾ ಬೇಕಾಗಿದ್ದದ್ದು ನಾಗರಾಜುವಿಗೆ. ಅವನು ನನ್ನ ಹೆಂಡತಿ ಜಯಮ್ಮನ ತಮ್ಮ, ಕಳ್ಳಂಬೆಳ್ಳದಲ್ಲಿ ಬೋರ್‌ವೆಲ್ ಮೋಟರು ರಿಪೇರಿ ಮಾಡುವವನು. ಅಲ್ಲಿನ ಕೆರೆ ತುಂಬಿದ ವರ್ಷ, ಮುಚ್ಚಿಹೋದ ಯಾವುದೋ ರೆಸಾರ್ಟಿನಿಂದ ಹಳೇ ಕಯಾಕ್ ಒಂದನ್ನು ಹೊತ್ತು ತಂದ. ಒಬ್ಬರ ಹಿಂದೆ ಒಬ್ಬರು ಕೂತು ಹುಟ್ಟು ಹಾಕುವ, ಹಳದಿ ಬಣ್ಣದ ಸಪೂರ ಪ್ಲಾಸ್ಟಿಕ್ ದೋಣಿ. ಊರಿನವರು ಅದಕ್ಕೆ ಬಾಳೆಹಣ್ಣು ಎಂದು ಹೆಸರಿಟ್ಟರು. ಕೆರೆಯ ಮೀನು ಟೆಂಡರ್ ಹಿಡಿದವರನ್ನು ಕೇಳಿಕೊಂಡು ಭಾನುವಾರ ಭಾನುವಾರ ಅದರಲ್ಲಿ ಗಾಳ ಹಾಕುತ್ತಿದ್ದೆವು. ಮುಂದಿನ ಸೀಟು ಅವನದು, ಹಿಂದಿನದು ನನ್ನದು. ಹುಟ್ಟು ನನ್ನದು, ಗಾಳ ಅವನದು, ಬೈಗುಳ ಇಬ್ಬರದೂ.

ಎರಡು ವರ್ಷದ ಹಿಂದೆ ಅವನ ಕಿಡ್ನಿಗಳು ಕೈಕೊಟ್ಟವು. ಆಗಿನಿಂದ ಸೋಮವಾರ, ಗುರುವಾರ ಶಿರಾಕ್ಕೆ ಹೋಗಿ ನಾಲ್ಕು ಗಂಟೆ ಮಲಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಕುಡಿಯಲು ದಿನಕ್ಕೆ ಮೂರೇ ಲೋಟ ನೀರು. ಈ ಗುರುವಾರ ಅವನು ಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ, ಸಾಕಾಯಿತು ಎಂದುಬಿಟ್ಟ. ಅವನ ಹೆಂಡತಿ ಲಕ್ಷ್ಮಿ ಫೋನಿನಲ್ಲಿ ಅತ್ತಳು. ನಾನು ಬೈದೆ, ಜಯಮ್ಮ ಬೇಡಿಕೊಂಡಳು. ಅವನು ಹೇಳಿದ್ದು ಒಂದೇ ಮಾತು: "ನನ್ ಸೀಟಲ್ಲಿ ಕುಂತ್ರೆ ಕೆರೆ ಹೆಂಗೆ ಕಾಣ್ತದೋ ಅದೊಂದ್ಸಲ ನೋಡ್ಬೇಕು ಕಣ್ ಭಾವ. ಇನ್ನೇನೂ ಬ್ಯಾಡ."

ದೋಣಿ ಹತ್ತಿಸುವ ಸ್ಥಿತಿಯಲ್ಲಿ ಅವನಿಲ್ಲ. ಹಾಗಾದರೆ ಕೆರೆಯನ್ನೇ ಅವನ ಮುಂದೆ ತಂದಿಡೋಣ, ನೋಡಿದರೆ ಬದುಕುವ ಆಸೆ ಹುಟ್ಟೀತು, ಸೋಮವಾರ ಶಿರಾಕ್ಕೆ ಎದ್ದುಬಂದಾನು ಎಂದು ನಾನು ಲೆಕ್ಕ ಹಾಕಿದೆ. ಫೋನಿನಲ್ಲೇ ಹಿಡಿಯಬಹುದಿತ್ತಲ್ಲ ಎನ್ನಬೇಡಿ. ಮೂರು ವರ್ಷದ ಹಿಂದೆ ನನ್ನ ಫೋನು ಅದೇ ಕೆರೆಯ ತಳ ಸೇರಿದೆ, ಈಗಿರುವುದು ಬರೀ ಮಾತಾಡುವ ಗುಂಡಿ ಫೋನು. ಬಸ್ಸು, ಊಟದ ಖರ್ಚು ಬಿಟ್ಟು ನನ್ನ ಕೈಯಲ್ಲಿದ್ದದ್ದು ಆರು ಸಾವಿರ ರೂಪಾಯಿ ಮತ್ತು ಎರಡು ದಿನ.

ಮಧುಗಿರಿಯಲ್ಲಿ ಅಂಥ ಕ್ಯಾಮೆರಾ ಸಿಕ್ಕಿರಲಿಲ್ಲ. ಕೊರಟಗೆರೆಗೆ ಮುಕ್ಕಾಲು ಗಂಟೆ. ಮೋಡ ಕವಿದಿತ್ತು, ಮಳೆ ಮಾತ್ರ ಬರಲೊಲ್ಲದು. ಬಸ್‌ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯವನು ಎರಡೂವರೆ ಸಾವಿರದ ಪುಟ್ಟ ಕ್ಯಾಮೆರಾ ತೋರಿಸಿ, "ಫುಲ್ ವಾಟರ್‌ಪ್ರೂಫ್ ಸಾರ್" ಎಂದ. ನಾನು ಜಾಡಿ ತೆಗೆದು ಕೌಂಟರ್ ಮೇಲಿಟ್ಟು ಮುಚ್ಚಳ ತಿರುಗಿಸಿದೆ. ಅವನು ಕ್ಯಾಮೆರಾವನ್ನು ಎದೆಗವಚಿಕೊಂಡ.

"ಅಯ್ಯಯ್ಯೋ, ನೀರಿಗೆ ಹಾಕಂಗಿಲ್ಲ! ನೀರು ತಗುಲಿದ್ರೆ ವಾರಂಟಿ ಹೋಯ್ತದೆ."

"ವಾಟರ್‌ಪ್ರೂಫ್ ಅಂದ್ಯಲ್ಲಪ್ಪ?"

"ಮಳೆ ಹನಿಗೆ ಸಾರ್. ಮುಳುಗ್ಸೋಕೆ ಬೇರೆ ಡಬ್ಬಿ ಬರ್ತದೆ. ಅದಕ್ಕೆ ಮೂರು ಸಾವಿರ."

ಮೂಗಿಗಿಂತ ಮೂಗುತಿ ಭಾರ! ಆ ಡಬ್ಬಿಯಾದರೂ ಇದೆಯಾ ಎಂದರೆ ಅದೂ ಇಲ್ಲ, ತರಿಸಿಕೊಡಲು ವಾರ ಬೇಕಂತೆ. ಬೇರೆ ಹೊತ್ತಿನಲ್ಲಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ವಾರ ಎಂಬ ಮಾತು ಕೇಳಿಯೇ ಜಾಡಿ ಮುಚ್ಚಿ ಹೊರಬಿದ್ದೆ. ಇನ್ನೊಂದು ಅಂಗಡಿಯಲ್ಲೂ ಅದೇ ರಾಗ. ಹತ್ತು ಗಂಟೆಗೆ ತಿರುಗಿ ಮಧುಗಿರಿಗೆ ಬಂದು ಪಾವಗಡದ ಬಸ್ಸು ಹಿಡಿದೆ. ಅಲ್ಲೊಂದು ಫೋಟೊ ಸ್ಟುಡಿಯೊದಲ್ಲಿ ನೀರೊಳಗೆ ಹಿಡಿಯುವ ಕ್ಯಾಮೆರಾ ಇದೆ ಎಂದು ಲಾರಿ ಡ್ರೈವರೊಬ್ಬ ಹೇಳಿದ್ದ.

ಮಿಡಿಗೇಶಿ ಬೆಟ್ಟ ಕಿಟಕಿಯಲ್ಲಿ ಬಂದು ಹೋಯಿತು. ಚಿತ್ರಾನ್ನ ಬಿಚ್ಚಿದೆ, ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಮುಂದೆ ಹೋದಂತೆ ಕಲ್ಲು, ಜಾಲಿ, ಅಲ್ಲಲ್ಲಿ ಕಡಲೆಕಾಯಿ ಹೊಲ. ಪಾವಗಡದಲ್ಲಿ ಇಳಿದಾಗ ಮಧ್ಯಾಹ್ನ ಒಂದಾಗಿತ್ತು. ಮೋಡ ಅಲ್ಲಿಯೂ ಇತ್ತು, ಆದರೆ ನೆಲ ಕಾದ ಬಾಣಲೆ.

ಸ್ಟುಡಿಯೊ ಯಜಮಾನ ನರಸಿಂಹುಲು ಅರ್ಧ ಕನ್ನಡ, ಅರ್ಧ ತೆಲುಗಿನ ಮನುಷ್ಯ. "ಕೂರ್ಚೋ ಅಣ್ಣಾ, ಮೊದ್ಲು ಮಂಚಿನೀಳ್ಳು ತಾಗು" ಎಂದು ಕೂರಿಸಿ ಕುಡಿಯುವ ನೀರು ಕೊಟ್ಟ. ಮದುವೆಯ ಹುಡುಗ ಹುಡುಗಿಯರನ್ನು ಈಜುಕೊಳಕ್ಕಿಳಿಸಿ ಚಿತ್ರ ತೆಗೆಯುವ ಅವನ ಕ್ಯಾಮೆರಾಗೆ ಮೂವತ್ತೆಂಟು ಸಾವಿರವಂತೆ. ಬಾಡಿಗೆಗೆ ಕೇಳಿದೆ. ಭಾನುವಾರ ಮದುವೆ ಇದೆ, ಆಗುವುದಿಲ್ಲ ಎಂದ. ನನ್ನ ಮುಖ ನೋಡಿ ಯಾರಿಗೆ ಎಂದು ಕೇಳಿದ. ಹೇಳಿದೆ. ಆಮೇಲೆ ಅವನು ಗಿರಾಕಿಯೊಂದಿಗೆ ಮಾತಾಡಿದಂತೆ ಮಾತಾಡಲಿಲ್ಲ.

"ಅಣ್ಣಾ, ಚೀಪ್‌ದಾದ್ರೂ ಪರವಾಲೇದು. ಡಬ್ಬಿ ಮಾತ್ರ ನೋಡಿ ತಗೋ. ಬಾಗಿಲ ಸುತ್ತ ರಬ್ಬರ್ ರಿಂಗ್ ಉಂಟದಿ, ಅದ್ರಲ್ಲಿ ಒಂದು ಕೂದ್ಲು ಸಿಕ್ಕಿದ್ರೂ ನೀರು ಒಳಗೆ ಬಂದ್ಬುಡ್ತದೆ. ಕ್ಯಾಮೆರಾ ಹಾಕ್ಬೇಡ, ಖಾಲಿ ಡಬ್ಬಿಲಿ ಒಂದು ಪೇಪರ್ ಇಟ್ಟು ಮುಳುಗ್ಸು. ಪೇಪರ್ ಒಣಗೇ ಇದ್ರೆ ತಗೋ. ಎಕ್ಸ್‌ಟ್ರಾ ಬ್ಯಾಟ್ರಿ ಒಂದು. ಒಂದು ಥರ್ಮೋಕೋಲ್ ಕಟ್ಟು, ಬಿದ್ರೂ ತೇಲ್ತದೆ."

ಮೂವತ್ತು ವರ್ಷ ಟಾರ್ಪಾಲು ಹೊಲಿದವನಿಗೆ ಇದು ಹೊಳೆದಿರಲಿಲ್ಲ. ಶಿರಾದಲ್ಲಿ ಒಂದು ಅಂಗಡಿಯ ಗುರುತು ಹೇಳಿ ಕಳಿಸಿದ. ಮೆಸ್ಸಿನಲ್ಲಿ ಮುದ್ದೆ, ಹುರುಳಿ ಸಾರು ತಿಂದು ಶಿರಾ ಬಸ್ಸು ಹತ್ತಿದೆ. ಅದು ದಾರಿಯಲ್ಲಿ ಕೆಟ್ಟು ನಿಂತು, ಮುಟ್ಟುವ ಹೊತ್ತಿಗೆ ಅಂಗಡಿಗಳು ಬಾಗಿಲೆಳೆಯುತ್ತಿದ್ದವು. ಲಾಡ್ಜಿನಲ್ಲಿ ಮಲಗಿದೆ. ಲಕ್ಷ್ಮಿಗೆ ಫೋನ್ ಮಾಡಿದರೆ, "ಕಾಲು ಊದ್ಕೊಂಡೈತೆ ಅಣ್ಣ, ಮಲಗಿದ್ರೆ ಉಸಿರು ಕಟ್ತದಂತೆ, ಗೋಡೆಗೆ ಒರಗಿ ಕುಂತವ್ರೆ" ಎಂದಳು.

ಭಾನುವಾರ ಒಂಬತ್ತಕ್ಕೆ ಬಾಷಾ ಸಾಹೇಬರ ಅಂಗಡಿ ತೆರೆಯಿತು. ಬಿಳಿ ಗಡ್ಡದ, ನಿಧಾನದ ಮನುಷ್ಯ. ಡಬ್ಬಿ ಸಮೇತ ಬರುವ ಕ್ಯಾಮೆರಾಗಳು ಅವರಲ್ಲಿ ಎರಡಿದ್ದವು. ಒಂದು ಮೂರೂವರೆ ಸಾವಿರದ್ದು, ಒಂದು ಐದು ಸಾವಿರದ್ದು. ಜಾಡಿ ತೆಗೆದೆ. ಪಾವಗಡದ ಬಸ್ ಟಿಕೆಟ್ಟನ್ನು ಮಡಿಸಿ ಅಗ್ಗದ ಡಬ್ಬಿಯೊಳಗಿಟ್ಟು ಮುಳುಗಿಸಿ ಇಬ್ಬರೂ ಕಾದೆವು. ತೆಗೆದರೆ ಟಿಕೆಟ್ ತೊಪ್ಪೆ. "ತೋಬಾ, ನಾನೇ ಇದನ್ನ ನಾಕು ಜನಕ್ಕೆ ಮಾರಿದೀನಿ!" ಎಂದು ಸಾಹೇಬರು ಗಡ್ಡ ಹಿಡಿದುಕೊಂಡರು. ಎರಡನೆಯದಕ್ಕೆ ಶಿರಾ ಟಿಕೆಟ್ ಹಾಕಿದೆವು. ಹತ್ತು ನಿಮಿಷ ಬಿಟ್ಟು ತೆಗೆದಾಗ ಅದು ಗರಿಗರಿಯಾಗಿತ್ತು. ದರದ ಅಂಕಿ ಕೂಡ ಅಳಿಸಿರಲಿಲ್ಲ.

ಜಾಸ್ತಿ ಬ್ಯಾಟರಿ, ಮೆಮೊರಿ ಕಾರ್ಡ್ ಸೇರಿ ಆರು ಸಾವಿರಕ್ಕೆ ಮುಗಿಸಿದರು. ಕಾಯಿಲೆಯ ವಿಷಯ ಕೇಳಿ, "ನಿಮ್ಮ ಭಾಮೈದನಿಗೆ ಅಲ್ಲಾ ಶಿಫಾ ಕೊಡ್ಲಿ, ವಾಸಿ ಮಾಡ್ಲಿ, ಬೇಗ ಹೋಗಿ ಭಾಯ್" ಎಂದರು. ಜಾಡಿಯ ನೀರನ್ನು ಅವರ ಅಂಗಡಿ ಮುಂದಿನ ಗಿಡಕ್ಕೆ ಸುರಿದು ಹೊರಟೆ.

ಶಿರಾದಿಂದ ಕಳ್ಳಂಬೆಳ್ಳ ಹೈವೇಯಲ್ಲಿ ಅರ್ಧ ಗಂಟೆಯೊಳಗಿನ ದಾರಿ. ಮನೆಗೆ ಹೋಗದೆ ನೇರ ಕೆರೆಗೆ ನಡೆದೆ; ಬರಿಗೈಯಲ್ಲಿ ಅವನ ಮುಖ ನೋಡಲು ಧೈರ್ಯವಿರಲಿಲ್ಲ. ಕಯಾಕ್ ಏರಿಯ ಕೆಳಗೆ ಹೊಂಗೆ ಮರದಡಿ ಬೋರಲು ಬಿದ್ದಿತ್ತು, ಮೇಲೆಲ್ಲ ಹಕ್ಕಿ ಹಿಕ್ಕೆ. ತೊಳೆದು ನೀರಿಗೆ ತಳ್ಳಿದೆ. ಟವೆಲ್ಲನ್ನು ಮುಂದಿನ ಸೀಟಿನ ಮೇಲೆ ದಪ್ಪಗೆ ಸುತ್ತಿ, ಅದರ ಮೇಲೆ ಕ್ಯಾಮೆರಾವನ್ನು ದಾರದಿಂದ ಬಿಗಿದು, ಪ್ಯಾಕಿಂಗಿನಲ್ಲಿ ಬಂದಿದ್ದ ಥರ್ಮೋಕೋಲ್ ಕಟ್ಟಿದೆ. ಕೂತವನ ಕಣ್ಣು ಹೋಗುವ ಕಡೆಗೆ ಅದನ್ನು ತಿರುಗಿಸಿದೆ. ದೋಣಿಯಡಿ ಇದ್ದ ಅವನ ಗಾಳದ ಕೋಲನ್ನೂ ಅದರ ಜಾಗದಲ್ಲೇ ಸಿಕ್ಕಿಸಿ, ಎರೆಹುಳ ಚುಚ್ಚಿ ದಾರ ನೀರಿಗೆ ಬಿಟ್ಟೆ. ಅವನ ಸೀಟಿನಿಂದ ಕಾಣುವುದರಲ್ಲಿ ಆ ಕೋಲಿನ ತುದಿಯೂ ಸೇರಿದೆ ತಾನೆ?

ಗಾಳಿ ತಣ್ಣಗಿತ್ತು, ನೀರು ಸೀಸದ ಬಣ್ಣಕ್ಕೆ ತಿರುಗಿತ್ತು. ಮುಂದೆ ಭಾರವಿಲ್ಲದ ದೋಣಿ ಸುಮ್ಮನೆ ಮೂತಿ ಎತ್ತಿಕೊಂಡು ಅತ್ತಿತ್ತ ಓಡುತ್ತಿತ್ತು. ನಾಗರಾಜುವಿನ ಭಾರ ಎಷ್ಟಿತ್ತು ಎಂದು ನನಗೆ ಆಗ ಗೊತ್ತಾಯಿತು. ಮಾತಾಡಲು ಯಾರೂ ಇರಲಿಲ್ಲ. ಅರ್ಧ ಗಂಟೆ ಹುಟ್ಟು ಹಾಕಿದೆ. ಒಣಮರಗಳ ಹತ್ತಿರ ಬಂದಾಗ ಮುಂದಿನ ಕೋಲು ಒಮ್ಮೆಲೇ ಬಾಗಿತು. ದೊಡ್ಡ ಕಾಟ್ಲಾ ಮೀನಿರಬೇಕು, ಕೋಲಿನ ತುದಿ ನೀರು ಮುಟ್ಟಿತು. ನನ್ನ ಕೈಗೆ ಅದು ಎಟುಕಲಿಲ್ಲ. ಬಗ್ಗಿದರೆ ದೋಣಿ ಮಗುಚುತ್ತದೆ. ಒಂದು ಕ್ಷಣ ಅಷ್ಟೇ, ದಾರ ಕಡಿದು ಕೋಲು ನೆಟ್ಟಗಾಯಿತು. ದಡಕ್ಕೆ ಬಂದು ಏರಿಯ ಮೇಲೆ ಒಬ್ಬನೇ ಸ್ವಲ್ಪ ಹೊತ್ತು ಕೂತಿದ್ದೆ.

ಮನೆಯಲ್ಲಿ ನಾಗರಾಜು ಗೋಡೆಗೆ ಒರಗಿ ಕೂತಿದ್ದ. ಮುಖ ಊದಿತ್ತು, ತುಟಿ ಬಿರಿದಿತ್ತು. ಕಿಟಕಿಯಲ್ಲಿ ಅವನ ಅಂದಿನ ನೀರು, ಗೆರೆ ಎಳೆದ ಬಾಟಲಿಯಲ್ಲಿ. ಲಕ್ಷ್ಮಿ ನನಗೆ ತಂದ ನೀರಿನ ಚೊಂಬನ್ನು ಅವನು ನೋಡುತ್ತಲೇ ಇದ್ದ. ನಾನು ಕುಡಿಯಲಿಲ್ಲ.

ಕ್ಯಾಮೆರಾ ಹಿಂಬದಿಯ ಪರದೆ ಬೆಂಕಿಪೊಟ್ಟಣದಷ್ಟು. ಅವನು ಅದನ್ನು ಅಂಗೈಯಲ್ಲಿಟ್ಟು ಕಣ್ಣಿಗೆ ಹಿಡಿದ. ಡಬ್ಬಿಯೊಳಗಿನಿಂದ ಹಿಡಿದ ದನಿ ಮಂದವಾಗಿತ್ತು. ಹುಟ್ಟಿನ ಸದ್ದು, ನನ್ನ ಏದುಸಿರು. ಅರ್ಧ ಗಂಟೆ ಅವನು ರೆಪ್ಪೆ ಅಲುಗಿಸಲಿಲ್ಲ. ಆಮೇಲೆ ಕೋಲು ಬಾಗಿತು, ಮತ್ತು ಒಳಗಿನಿಂದ ನನ್ನದೇ ದನಿ ಕಿರುಚಿತು: "ಎಳೀಲಾ ನಾಗ! ಎಳೀಲಾ, ಬುಡ್ಬ್ಯಾಡ!"

ನಾನು ಹಾಗೆ ಕೂಗಿದ್ದೆ ಎಂಬುದೇ ನನಗೆ ನೆನಪಿರಲಿಲ್ಲ. ದಾರ ಕಡಿಯಿತು. ಅದಾದ ಮೇಲೆ ಪರದೆಯಲ್ಲಿ ಬರೀ ನೀರು, ಹಿಂದೆ ನಾನು ಅಳುತ್ತಿರುವ ಸದ್ದು. ಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು.

ನಾಗರಾಜು ಕ್ಯಾಮೆರಾ ಕೆಳಗಿಟ್ಟ. "ನೋಡಾಯ್ತು ಕಣ್ ಭಾವ. ಸಾಕು."

ಆಸೆ ಹುಟ್ಟಿಸಲು ತಂದದ್ದು ಆಸೆ ತೀರಿಸಿ ಮುಗಿಸಿತ್ತು. ಸಿಟ್ಟು ನೆತ್ತಿಗೇರಿತು. "ಏನ್ಲಾ ಸಾಕು? ಎರಡು ದಿನ ಊರೂರು ಅಲ್ದು ತಂದಿರೋದು ನೀನು ಸಾಕು ಅನ್ಲಿ ಅಂತಾನಾ? ನನ್ ಎದ್ರುಗೆ ಮೀನು ಹೋಯ್ತು, ಎಳಿಯೋಕೆ ನೀನಿಲ್ಲ! ಖಾಲಿ ಸೀಟಿಗೆ ಕೂಗ್ಕೊಂಡ್ ಕುಂತಿದ್ದೆ ಕಣ್ಲಾ, ನಾಯಿ ಬೊಗಳ್ದಂಗೆ!"

ಅವನು ಕ್ಯಾಮೆರಾ ಎತ್ತಿಕೊಂಡು ಹಿಂದಕ್ಕೆ ಓಡಿಸಿ, ನಾನು ಕೂಗುವ ಜಾಗ ಮತ್ತೆ ಹಾಕಿದ. ಮತ್ತೊಮ್ಮೆ ಹಾಕಿದ. ಮೂರನೆಯ ಸಲ, ಊದಿದ ಅವನ ಬಲಗೈ ಗಾಳದ ಕೋಲು ಹಿಡಿದಂತೆ ಮುಷ್ಟಿ ಕಟ್ಟಿತು.

"ಅಲ್ಲಿ ನಾಕು ಗಂಟೆ ಸೂರು ನೋಡ್ಕೊಂಡು ಮಲಗ್ಬೇಕು" ಎಂದ. "ನಾಳಿಕೆ ನೀನೂ ಬಂದ್ರೆ ಹೋಗಾನ. ಇದ್ನ ನೋಡ್ತಾ ಇರ್ತೀನಿ."

ಸೋಮವಾರ ಬೆಳಗ್ಗೆ ಅವನನ್ನು ತೋಳು ಹಿಡಿದು ಬಸ್ಸಿಗೆ ಹತ್ತಿಸಿದೆ. ಕಂಡಕ್ಟರ್ ಮೂರು ಟಿಕೆಟ್ ಕೊಟ್ಟ, ಹೆಂಗಸಾದ್ದರಿಂದ ಲಕ್ಷ್ಮಿಯದು ಫ್ರೀ. ಹೈವೇಗೆ ತಿರುಗಿದಾಗ ಹಿಂದೆ ಕೆರೆ ಕಾಣಿಸಿತು, ಮೋಡದ ಕೆಳಗೆ ಮಂಕಾಗಿ. ಅವನು ಕತ್ತು ತಿರುಗಿಸಿ, ಅದು ಮರೆಯಾಗುವವರೆಗೂ ನೋಡಿದ. ಆಮೇಲೆ ಮಡಿಲಿನ ಕ್ಯಾಮೆರಾ ಮುಟ್ಟಿಕೊಂಡ.

"ಇದ್ರ ಬ್ಯಾಟ್ರಿ ಎಷ್ಟೊತ್ತು ಬರ್ತದೆ ಭಾವ?"

"ಒಂದೂವರೆ ಗಂಟೆ."

"ಸಾಕು."

"ಇನ್ನೊಂದು ತಂದಿದೀನಿ ಕಣ್ಲಾ" ಎಂದೆ.

ಶಿರಾ ಬರುವವರೆಗೆ ಬರುವ ಗುರುವಾರ ಮತ್ತೆ ಹೋಗುವ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.